ಕನ್ನಡದ ವಿದ್ವತ್ತಿಗೆ ಮನ್ನಣೆ ನೀಡಿದ ಟ್ಯೂಬಿಂಗನ್

ಜರ್ಮನಿಯ ಸ್ಟಟ್‌ಗಾರ್ಟ್ ನಗರದಿಂದ ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಟ್ಯೂಬಿಂಗನ್ ತಲುಪಬಹುದು. ಬೆಳಿಗ್ಗೆ ಹೋಗಿ ಸಂಜೆ ಮರಳಲು ಅನುಕೂಲವಾದ ಚಿಕ್ಕ ಊರು. ಜನಸಂಖ್ಯೆ ಸುಮಾರು 90 ಸಾವಿರ. ವಿಶ್ವವಿದ್ಯಾಲಯದಲ್ಲಿ ಓದುವವರೇ 25 ಸಾವಿರಕ್ಕೂ ಹೆಚ್ಚು. ಹೀಗಾಗಿ ಪೇಟೆ, ಸೇತುವೆ, ಹೊಳೆದಂಡೆ ಎಲ್ಲೆಡೆ ವಿದ್ಯಾರ್ಥಿಗಳದೇ ಓಡಾಟ.

ಎಬರ್‌ಹಾರ್ಡ್ ಎಂಬ ಅರಸ ಇಲ್ಲಿ ವಿಶ್ವವಿದ್ಯಾಲಯ ಸ್ಥಾಪಿಸಿದ್ದು 1477ರಲ್ಲಿ. ವಿಜಯನಗರದಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬರಲು ಆಗ ಇನ್ನೂ ಮೂರು ದಶಕಗಳಿದ್ದವು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಅನೇಕ ನಗರಗಳು ನೆಲಸಮವಾದರೂ ಟ್ಯೂಬಿಂಗನ್‌ಗೆ ಹೆಚ್ಚಿನ ಹಾನಿಯಾಗಲಿಲ್ಲ. ಆದ್ದರಿಂದಲೇ ಮರದ ಚೌಕಟ್ಟಿನ ಹಳೆಯ ಮನೆಗಳ ಸಾಲು ಇಂದಿಗೂ ಉಳಿದಿದೆ.

ರೈಲು ನಿಲ್ದಾಣದಿಂದ ನಡೆದು ಬಂದರೆ ಮೊದಲು ಎದುರಾಗುವುದು ನೆಕರ್ ನದಿ. ಬೇಸಿಗೆಯಲ್ಲಿ ಉದ್ದನೆಯ ಗಳು ಊರಿ ದೋಣಿ ನಡೆಸುವವರನ್ನು ಇಲ್ಲಿ ಕಾಣಬಹುದು. ದಂಡೆಯ ಮೇಲಿನ ಹಳದಿ ಗೋಪುರದಲ್ಲಿ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡ ಕವಿ ಹೋಲ್ಡರ್ಲಿನ್ 1807ರಿಂದ 1843ರವರೆಗೆ, ಸಾಯುವ ತನಕ ವಾಸವಾಗಿದ್ದರು. ಖಗೋಳಶಾಸ್ತ್ರಜ್ಞ ಕೆಪ್ಲರ್ ಮತ್ತು ತತ್ವಜ್ಞಾನಿ ಹೆಗೆಲ್ ಓದಿದ ವಿದ್ಯಾರ್ಥಿನಿಲಯವೂ ಹತ್ತಿರದಲ್ಲಿದೆ. ಗುಡ್ಡದ ಮೇಲಿನ ಕೋಟೆಯ ಅಡುಗೆಮನೆಯೇ ಒಂದು ಕಾಲಕ್ಕೆ ಪ್ರಯೋಗಶಾಲೆಯಾಗಿತ್ತು. ಇಂದು ಡಿಎನ್‌ಎ ಎಂದು ಕರೆಯಲಾಗುವ ವಸ್ತುವನ್ನು ಮೀಷರ್ ಎಂಬ ತರುಣ ವಿಜ್ಞಾನಿ 1869ರಲ್ಲಿ ಮೊದಲು ಬೇರ್ಪಡಿಸಿದ್ದು ಅಲ್ಲಿಯೇ.

ಈ ಊರಿಗೂ ಕನ್ನಡಕ್ಕೂ ಹಳೆಯ ನಂಟಿದೆ. ಇಲ್ಲಿ ದೇವತಾಶಾಸ್ತ್ರ ಓದಿದ ಹರ್ಮನ್ ಮೊಗ್ಲಿಂಗ್ 1836ರಲ್ಲಿ ಬಾಸೆಲ್ ಮಿಶನ್ ಪರವಾಗಿ ಮಂಗಳೂರಿಗೆ ಬಂದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಿದರು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಟ್ಯೂಬಿಂಗನ್ನಿನ ವಿದ್ಯಾರ್ಥಿಯಲ್ಲ. ಮತಪ್ರಚಾರಕ್ಕೆಂದು ಕಳುಹಿಸಿದ ವ್ಯಕ್ತಿ ವ್ಯಾಕರಣ, ಛಂದಸ್ಸುಗಳಲ್ಲಿ ಮುಳುಗಿದ್ದು ಮಿಶನ್ನಿನ ಕೆಲವರಿಗೆ ಹಿಡಿಸಲಿಲ್ಲ. ಆದರೂ ಅವರು ಕೆಲಸ ಬಿಡಲಿಲ್ಲ. ಕಣ್ಣು ಮತ್ತು ದೇಹ ದಣಿದಿದ್ದರೂ, ಕನ್ನಡ ಪಂಡಿತರ ನೆರವಿನಿಂದ ಸುಮಾರು 70 ಸಾವಿರ ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಪೂರೈಸಿದರು. 1894ರಲ್ಲಿ ಅದು ಮಂಗಳೂರಿನಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ನಂತರ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೂ ಗೌರವ ಡಾಕ್ಟರೇಟ್ ಕೊಟ್ಟಿತು.

ಮಿಶನ್ನಿನ ಕೆಲವರಿಗೆ ದಾರಿ ತಪ್ಪಿದ ಕೆಲಸವೆನಿಸಿದ್ದನ್ನು ಈ ಊರಿನ ವಿದ್ವಾಂಸರು ಪಾಂಡಿತ್ಯವೆಂದು ಗುರುತಿಸಿದರು. ಕನ್ನಡವೂ ಆಳವಾದ ಅಧ್ಯಯನಕ್ಕೆ ತಕ್ಕ ಭಾಷೆ ಎಂಬುದಕ್ಕೆ ಯೂರೋಪಿನ ಹಳೆಯ ವಿಶ್ವವಿದ್ಯಾಲಯವೊಂದರ ಮನ್ನಣೆ ಹೀಗೆ ದೊರೆಯಿತು.

ಕಿಟ್ಟೆಲ್ ಕೊನೆಯ ದಿನಗಳನ್ನು ಕಳೆದದ್ದೂ ಟ್ಯೂಬಿಂಗನ್ನಿನಲ್ಲಿಯೇ. ಅವರ ಕನ್ನಡ ವ್ಯಾಕರಣ ಮಂಗಳೂರಿನಲ್ಲಿ ಅಚ್ಚಾದ 1903ರಲ್ಲೇ ಅವರು ಅಲ್ಲಿ ನಿಧನರಾದರು. ಗೋಪುರ, ಕೋಟೆ ನೋಡಿ ಸಂಜೆಯ ರೈಲು ಹಿಡಿಯುವ ಕನ್ನಡಿಗ ಪ್ರವಾಸಿಗಳು ಈ ಋಣವನ್ನೂ ಒಮ್ಮೆ ನೆನೆಯಬೇಕು.