ಮಗುವಿಗೆ ಔಷಧಿ ಕೊಟ್ಟರು, ತಾಯಿ ಕೆಮ್ಮುತ್ತಿದ್ದಳು: ಪುಣೆಯ ಸಾಸೂನ್ ಕಲಿಸಿದ ಪಾಠ

ಪುಣೆ ಸ್ಟೇಷನ್ನಲ್ಲಿ ಇಳಿದು ಹಿಂಜವಡಿಗೋ ಖರಾಡಿಗೋ ಕ್ಯಾಬ್ ಹಿಡಿಯೋ ನಮ್ಮವರೆಲ್ಲ ಒಂದು ದೊಡ್ಡ ಆಸ್ಪತ್ರೆ ನೋಡಿರ್ತೀರಿ. ಅದೇ ಸಾಸೂನ್. 1867ರಲ್ಲಿ ಶುರುವಾಯ್ತು. ದುಡ್ಡು ಕೊಟ್ಟವರು ಬಾಗ್ದಾದಿನಿಂದ ಬಂದ ಯಹೂದಿ ವ್ಯಾಪಾರಿ ಡೇವಿಡ್ ಸಾಸೂನ್. 1924ರ ಜನವರಿಯಲ್ಲಿ ಗಾಂಧೀಜಿಗೆ ಅಪೆಂಡಿಕ್ಸ್ ಆಪರೇಷನ್ ಆಗಿದ್ದೂ ಇಲ್ಲೇ. ಆ ಕತೆ ತುಂಬಾ ಜನಕ್ಕೆ ಗೊತ್ತು. ಇವತ್ತು ಹೇಳೋದು ಅದೇ ಆವರಣದ ಇನ್ನೊಂದು ಕತೆ, ಹೆಚ್ಚು ಜನ ಕೇಳಿಲ್ಲದ್ದು.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ ಡಾ. ಸುನೀತಿ ಸೊಲೊಮನ್ ಅವರ ತಂಡದಿಂದ. 1992ರಲ್ಲಿ ಪುಣೆಯ ಭೋಸರಿಯಲ್ಲಿ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆ ಬಂತು. ಆಗ ಎಲ್ಲರನ್ನೂ ಕಾಡಿದ ಪ್ರಶ್ನೆ ಒಂದು: ಸೋಂಕಿರುವ ಬಸುರಿಯಿಂದ ಮಗುವನ್ನು ಉಳಿಸೋದು ಹೇಗೆ? ಏನೂ ಮಾಡದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ದಾಟುತ್ತೆ. ಗರ್ಭದಲ್ಲಿ, ಹೆರಿಗೆಯಲ್ಲಿ, ಆಮೇಲೆ ಎದೆಹಾಲಿನಲ್ಲಿ.

1999ರಲ್ಲಿ ಉಗಾಂಡಾದಿಂದ ಒಂದು ಒಳ್ಳೆ ಸುದ್ದಿ ಬಂತು. ಹೆರಿಗೆ ನೋವು ಶುರುವಾದಾಗ ತಾಯಿಗೆ ನೆವಿರಪಿನ್ ಮಾತ್ರೆ ಒಂದು, ಹುಟ್ಟಿದ ಮೂರು ದಿನದೊಳಗೆ ಮಗುವಿಗೆ ಅದೇ ಔಷಧಿಯ ಒಂದು ಡೋಸ್. ಅಷ್ಟೇ. ಹೋಲಿಕೆಗೆ ಜಿಡೋವುಡಿನ್ ಕೊಟ್ಟ ಗುಂಪಿನಲ್ಲಿ ಮೂರೂವರೆ ತಿಂಗಳ ಹೊತ್ತಿಗೆ ಶೇ. 25ರಷ್ಟು ಮಕ್ಕಳಿಗೆ ಸೋಂಕಿತ್ತು, ನೆವಿರಪಿನ್ ಗುಂಪಿನಲ್ಲಿ ಶೇ. 13. ಅಗ್ಗದ ಔಷಧಿ, ಬಡ ದೇಶಗಳಿಗೆ ದೊಡ್ಡ ಆಸರೆ.

ಆದ್ರೆ ಎದೆಹಾಲಿನ ಬಾಗಿಲು ತೆರೆದೇ ಇತ್ತಲ್ಲ! "ಹಾಲುಪುಡಿ ಕೊಟ್ರಾಯ್ತು" ಅಂತ ನಾವು ಅಂದ್ಕೋತೀವಿ. ಸಾಸೂನ್‌ಗೆ ಹೊಂದಿಕೊಂಡ ಬಿ.ಜೆ. ವೈದ್ಯಕೀಯ ಕಾಲೇಜಿನ ಡಾ. ಮೃದುಲಾ ಫಡ್ಕೆ ಮತ್ತು ಸಂಗಡಿಗರು 148 ಮಕ್ಕಳನ್ನು ಗಮನಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ಆರು ತಿಂಗಳಲ್ಲಿ 21 ಮಕ್ಕಳು ಆಸ್ಪತ್ರೆ ಸೇರಿದ್ದರು. ಆ 21ರಲ್ಲಿ ಒಂದೂ ಎದೆಹಾಲು ಕುಡಿಯುವ ಮಗು ಇರಲಿಲ್ಲ, ಎಲ್ಲವೂ ಹೊರಗಿನ ಹಾಲು ಕುಡಿದವು. ಅಂದ್ರೆ ಎದೆಹಾಲು ಕೊಟ್ಟರೆ ಎಚ್‌ಐವಿ ಭಯ, ಕೊಡದಿದ್ದರೆ ಬೇರೆ ಕಾಯಿಲೆಗಳ ಭಯ. ಅತ್ತ ದರಿ, ಇತ್ತ ಪುಲಿ.

ಹಾಗಾಗಿ ಪುಣೆ, ಉಗಾಂಡಾ, ಇಥಿಯೋಪಿಯಾ ಮೂರೂ ಕಡೆ ಒಂದು ಪ್ರಯೋಗ ನಡೀತು. ಎದೆಹಾಲು ಕುಡಿಯುವ ಮಗುವಿಗೆ ಒಂದೇ ಡೋಸ್ ಬದಲು ಆರು ವಾರದವರೆಗೂ ನೆವಿರಪಿನ್ ಕೊಟ್ಟರೆ? 2008ರಲ್ಲಿ 'ಲ್ಯಾನ್ಸೆಟ್'ನಲ್ಲಿ ಉತ್ತರ ಬಂತು. ಆರನೇ ವಾರದಲ್ಲಿ ಸೋಂಕು ಶೇ. 5.3ರಿಂದ 2.5ಕ್ಕೆ ಇಳಿದಿತ್ತು. ಆದ್ರೆ ಆರು ತಿಂಗಳಿಗೆ ನೋಡಿದ್ರೆ 9.0 ಮತ್ತು 6.9. ಔಷಧಿ ನಿಂತ ಮೇಲೆ ಅಂತರ ಕರಗ್ತಾ ಬಂದಿತ್ತು.

ಇಲ್ಲಿಂದ ಕತೆ ತಿರುಗುತ್ತೆ. ಜಾನ್ಸ್ ಹಾಪ್‌ಕಿನ್ಸ್‌ನ ಸಾಂಕ್ರಾಮಿಕ ರೋಗ ತಜ್ಞೆ ಡಾ. ಅಮಿತಾ ಗುಪ್ತಾ ಮತ್ತು ಬಿ.ಜೆ. ಕಾಲೇಜಿನ ತಂಡ ಅದೇ ಪುಣೆಯ ದಾಖಲೆಗಳಲ್ಲಿ ತಾಯಂದಿರನ್ನು ನೋಡತೊಡಗಿದರು. ಹೆರಿಗೆಯಾದ 715 ಎಚ್‌ಐವಿ ಸೋಂಕಿತರಲ್ಲಿ 24 ಮಂದಿಗೆ ಕ್ಷಯ ಬಂದಿತ್ತು. ಕ್ಷಯ ಬಂದ ತಾಯಿ ಸಾಯುವ ಅಪಾಯ ಎರಡು ಪಟ್ಟಿಗೂ ಹೆಚ್ಚು, ಅವಳ ಮಗುವಿನದು ಮೂರು ಪಟ್ಟಿಗೂ ಹೆಚ್ಚು. ಇದು 2007ರ ವರದಿ. 2011ರದ್ದು ಇನ್ನೂ ನೇರ: ಕ್ಷಯವಿದ್ದ 33 ತಾಯಂದಿರಲ್ಲಿ 10 ಮಂದಿಯ ಮಕ್ಕಳಿಗೆ ಎಚ್‌ಐವಿ ದಾಟಿತ್ತು. ಕ್ಷಯವಿಲ್ಲದ 750ರಲ್ಲಿ 87. ಅಂದ್ರೆ ಶೇ. 30 ಮತ್ತು ಶೇ. 12.

ಯಾಕೆ ಹೀಗೆ? ಎಚ್‌ಐವಿ ಬೆಳೆಯೋದು ನಮ್ಮ ರಕ್ಷಣಾ ಕಣಗಳ ಒಳಗೇ, ಅದರಲ್ಲೂ ಕೆಲಸಕ್ಕೆ ಎಚ್ಚೆತ್ತ ಕಣಗಳಲ್ಲಿ. ಕ್ಷಯ ಬಂದ್ರೆ ಆ ಕಣಗಳು ಎಚ್ಚೆತ್ತು ನಿಲ್ತವೆ. ವೈರಸ್‌ಗೆ ಬೇಕಾಗಿದ್ದೂ ಅದೇ. ಕ್ಷಯ ಅಷ್ಟೇ ಅಲ್ಲ. ಕೀನ್ಯಾದಲ್ಲಿ ಇಂದು ಮಲ್ಹೋತ್ರಾ, ಕ್ರಿಸ್ಟೋಫರ್ ಕಿಂಗ್ ಇದ್ದ ತಂಡ 2005ರಲ್ಲಿ ಇಂಥದ್ದೇ ಮಾತನ್ನು ಹುಳುಗಳ ಬಗ್ಗೆ ಹೇಳಿತ್ತು: ಬಸುರಿಯ ಮೈಯಲ್ಲಿ ಪರಾವಲಂಬಿ ಹುಳುಗಳಿದ್ದರೆ ಮಗುವಿಗೆ ಎಚ್‌ಐವಿ ದಾಟುವ ಸಂಭವ ಹೆಚ್ಚು. ಅದಕ್ಕೂ ಮುಂಚೆ 1999ರಲ್ಲಿ, ಗರ್ಭದಲ್ಲೇ ಹುಳುವಿನ ಪರಿಚಯವಾದ ಮಗುವಿಗೆ ಬಿಸಿಜಿ ಲಸಿಕೆ ಸರಿಯಾಗಿ ಹತ್ತೋದಿಲ್ಲ ಅಂತಲೂ ತೋರಿಸಿದ್ದರು. ಹುಟ್ಟುವ ಮೊದಲೇ ಮಗುವಿನ ರೋಗನಿರೋಧಕ ಶಕ್ತಿ ತಾಯಿಯ ಮೈಯಿಂದ ಪಾಠ ಕಲಿತಿರುತ್ತೆ.

ಒಂದು ಮಾತ್ರೆಯ ಕಾಲದಲ್ಲಿ ಎಲ್ಲರ ಕಣ್ಣು ಮಗುವಿನ ಮೇಲಿತ್ತು. ತಾಯಿ ಮಗು ದಾಟಿ ಬರುವ ದಾರಿ ಮಾತ್ರ. ಆ ಮಾತ್ರೆಯಿಂದ ಅವಳ ಕಾಯಿಲೆ ವಾಸಿಯಾಗ್ತಿರಲಿಲ್ಲ. ಅವಳ ಕೆಮ್ಮಂತೂ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಪುಣೆಯ ಅಂಕಿಅಂಶ ಹೇಳಿದ್ದು ಇಷ್ಟೇ: ತಾಯಿಯನ್ನು ಬಿಟ್ಟು ಮಗುವನ್ನು ಉಳಿಸೋಕಾಗಲ್ಲ.

ಆಮೇಲೆ ಪದ್ಧತಿ ಬದಲಾಯ್ತು. ಒಂದು ಡೋಸ್ ಬಿಟ್ಟು ಮೂರು ಔಷಧಿಗಳ ಚಿಕಿತ್ಸೆ 2012ರ ಸೆಪ್ಟೆಂಬರ್‌ನಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. 2014ರ ಜನವರಿಯಿಂದ ದೇಶದ ಎಲ್ಲ ಸೋಂಕಿತ ಬಸುರಿಯರಿಗೂ ಜೀವನಪೂರ್ತಿ ಚಿಕಿತ್ಸೆ, ಅವರ ಆರೋಗ್ಯಕ್ಕೆ ಅಂತಲೇ.

ಕತೆ ಸುಖಾಂತ್ಯ ಅಂದ್ಕೋಬೇಡಿ. ಹಾಗಾದ್ರೆ ಬಸುರಿಯಲ್ಲೇ ಕ್ಷಯ ತಡೆಯುವ ಐಸೋನಿಯಜಿಡ್ ಕೊಡೋಣ ಅಂತ ಗುಪ್ತಾ ಅವರ ನೇತೃತ್ವದಲ್ಲೇ ಎಂಟು ದೇಶಗಳ 956 ಎಚ್‌ಐವಿ ಸೋಂಕಿತ ಮಹಿಳೆಯರಲ್ಲಿ ಪರೀಕ್ಷೆ ಆಯ್ತು. ಅದರಲ್ಲಿ ಭಾರತವೂ ಇತ್ತು. 2019ರಲ್ಲಿ ಫಲಿತಾಂಶ ಬಂದಾಗ, ಬಸುರಿಯಲ್ಲೇ ಔಷಧಿ ಕೊಟ್ಟವರಲ್ಲಿ ಗರ್ಭಕ್ಕೆ ತೊಂದರೆ ಶೇ. 23.6, ಹೆರಿಗೆಯಾದ ಮೇಲೆ ಕೊಟ್ಟವರಲ್ಲಿ ಶೇ. 17. ತಮ್ಮದೇ ವಾದದಿಂದ ಹುಟ್ಟಿದ ಉಪಾಯ ಅಂದುಕೊಂಡಷ್ಟು ಸುಲಭವಲ್ಲ ಅಂತ ಅವರೇ ಬರೆದು ಪ್ರಕಟಿಸಿದರು. ನನಗೆ ಈ ಇಡೀ ಕತೆಯಲ್ಲಿ ಹೆಚ್ಚು ಹಿಡಿಸಿದ್ದು ಇದೇ.

ಮುಂದಿನ ಸಲ ಸ್ಟೇಷನ್ನಿಂದ ಹೊರಗೆ ಬಂದಾಗ ಆ ಆಸ್ಪತ್ರೆ ಕಡೆ ಒಮ್ಮೆ ನೋಡಿ. ನಿಮ್ಮ ಮನೇಲಿ ಬಸುರಿ ಇದ್ದು, ಇಲ್ಲಾ ಈಗಷ್ಟೇ ಹೆತ್ತವರಿದ್ದು, ಕೆಮ್ಮು ಎರಡು ವಾರವಾದ್ರೂ ಬಿಡದಿದ್ರೆ, "ಬಾಣಂತಿಗೆ ಶೀತ" ಅಂತ ಕಷಾಯ ಕೊಟ್ಟು ಸುಮ್ಮನಾಗಬೇಡಿ. ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಮತ್ತೆ ಸಿಗೋಣ.