ಗಿಲೀಟಿನ ಒಡವೆ
1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಬಂಧುಗಳು ವಿದ್ಯುತ್ತಿನಿಂದ ಹೊನ್ನಿನ ಲೇಪವನ್ನೇರಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದುದೂ, 1882ರಲ್ಲಿ ರೈಲು ಮೈಸೂರನ್ನು ಮುಟ್ಟಿದುದೂ ಪರಸ್ಪರ ಸಂಬಂಧವಿಲ್ಲದ ಸಂಗತಿಗಳೆಂದು ತೋರಬಹುದಾದರೂ, ನಮ್ಮೂರ ಗೃಹಿಣಿಯರ ಪೆಟ್ಟಿಗೆಯಲ್ಲಿ ಅವೆರಡೂ ಒಂದಾದುವು. ತೀರ್ಥಯಾತ್ರೆಗೋ ದೂರದ ಮದುವೆಗೋ ಹೊರಡುವಾಗ, ಅಡ್ಡಿಕೆ, ಅವಲಕ್ಕಿಸರಗಳನ್ನು ಮನೆಯಲ್ಲಿ ಭದ್ರಪಡಿಸಿ, ಗಿಲೀಟಿನ ಸರವನ್ನು ತೊಟ್ಟು ಗಾಡಿಯೇರುವುದು ಇಲ್ಲಿನ ಬಹುಕಾಲದ ರೂಢಿ. ಬೆವರು ತಗುಲಿದಂತೆಲ್ಲ ಕೊರಳ ಮೇಲೆ ಹಿತ್ತಾಳೆಯ ಹಸಿರು ಗೆರೆಯೊಂದು ಮೂಡಿ ಗುಟ್ಟನ್ನು ರಟ್ಟುಮಾಡುತ್ತಿದ್ದಿತೆಂಬುದು ಬೇರೆಯ ಮಾತು. ತಾಳಿಯೊಂದಕ್ಕೆ ಮಾತ್ರ ಬದಲಿಯಿಲ್ಲ. ಅದನ್ನು ಅರಿಶಿನದ ದಾರದಲ್ಲಿ ಪೋಣಿಸಿ ಸೆರಗಿನೊಳಗೆ ಮರೆಸುತ್ತಿದ್ದರು. 1963ರ ಚಿನ್ನದ ಹತೋಟಿಯ ನಿಯಮಗಳು ಹೊಸ ಒಡವೆಯನ್ನು 14 ಕ್ಯಾರಟ್ಟಿಗೆ ಮಿತಗೊಳಿಸಿ ಅಕ್ಕಸಾಲಿಗರ ಹೊಟ್ಟೆಯ ಮೇಲೆ ಹೊಡೆದಾಗ, ಪ್ರಯಾಣಕ್ಕೆಂದು ಕೊಂಡ ಗಿಲೀಟು ಮನೆಯೊಳಗೂ ಮರ್ಯಾದೆ ಪಡೆಯಿತೆಂದೇ ನನ್ನ ಎಣಿಕೆ.