ಗಲ್ಫ್ ಬಿಸಿಲಲ್ಲಿ ಗಾಜಿನ ಚಾವಣಿ ಕಾರು: ತಲೆ ಕಾಯೋದು ಯಾಕೆ, ತಡೆಯೋದು ಹೇಗೆ?

ದುಬೈ, ಅಬುಧಾಬಿ, ಕುವೈತ್ ಕಡೆ ದುಡಿಯುವ ಕರಾವಳಿಯ ಕುಟುಂಬಗಳು ಹೊಸ ಕಾರು ಕೊಳ್ಳುವಾಗ ಈಗ ಒಂದು ಪ್ರಶ್ನೆ ಎದುರಾಗುತ್ತಿದೆ. ಚಾವಣಿ ಪೂರ್ತಿ ಗಾಜಿನದ್ದಾದರೆ ಆ ಬಿಸಿಲಿಗೆ ಆಗಿಬರುತ್ತಾ? ಟೆಸ್ಲಾದ ಮಾಡೆಲ್ 3, ಮಾಡೆಲ್ ವೈ ಕಾರುಗಳಿಗೆ ತೆರೆಯಲಾಗದ ಗಾಜಿನ ಚಾವಣಿ ಇದೆ, ಎಳೆದು ಮುಚ್ಚುವ ಪರದೆ ಇಲ್ಲ. ಬೇರೆ ಕಂಪನಿಗಳ ಪನೋರಮಿಕ್ ಸನ್‌ರೂಫ್‌ಗಳಲ್ಲಿ ಹೆಚ್ಚಿನವಕ್ಕೆ ಪರದೆ ಇರುತ್ತದೆ. ಶೋರೂಮಿನ ಎ.ಸಿ.ಯಲ್ಲಿ ನಿಂತು ನೋಡಿದರೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಜೂನ್ ತಿಂಗಳ ಮಧ್ಯಾಹ್ನ ಗೊತ್ತಾಗುತ್ತೆ.

ನೆತ್ತಿ ಮೇಲೆ ಸೂರ್ಯ

ದುಬೈ ಇರುವುದು ಸುಮಾರು 25 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ ಮೂರನೇ ವಾರದ ಮಧ್ಯಾಹ್ನ ಸೂರ್ಯ ಅಲ್ಲಿ ಹೆಚ್ಚುಕಡಿಮೆ ನೇರ ನೆತ್ತಿಯ ಮೇಲಿರುತ್ತಾನೆ. ಆಗ ಪಕ್ಕದ ಕಿಟಕಿಗಳಿಗೆ ನೇರ ಬಿಸಿಲು ಬೀಳುವುದು ಕಡಿಮೆ, ಏಟೆಲ್ಲ ಚಾವಣಿಗೆ. (ಉಡುಪಿ, ಮಂಗಳೂರಿನಲ್ಲಿ ಇದೇ ಸ್ಥಿತಿ ಏಪ್ರಿಲ್ ಕೊನೆಗೂ ಆಗಸ್ಟ್ ನಡುವಿಗೂ ಬರುತ್ತದೆ. ಆಗಸ್ಟಿನಲ್ಲಿ ಮೋಡ ಇರುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ.) ಮೋಡವಿಲ್ಲದ ಮಧ್ಯಾಹ್ನ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1,000 ವ್ಯಾಟ್ ಬಿಸಿಲು ಬೀಳುತ್ತದೆ. ಒಂದೂವರೆ ಚದರ ಮೀಟರ್ ಗಾಜು ಅಂದರೆ 1,500 ವ್ಯಾಟ್. ಬಚ್ಚಲಲ್ಲಿ ನೀರು ಕಾಯಿಸುವ ದೊಡ್ಡ ರಾಡ್‌ನಷ್ಟು. ಅಷ್ಟೂ ಒಳಗೆ ಬರುವುದಿಲ್ಲ, ನಿಜ. ಆದರೆ ಬರುವ ಪಾಲು ಬೀಳುವುದು ನೇರ ಕೂತವರ ತಲೆ, ತೊಡೆಯ ಮೇಲೆ.

ಗಾಜು ಕಪ್ಪಗಿದ್ದರೆ ಸಾಕು ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಅರ್ಧ ಸರಿ. ಬಿಸಿಲಿನ ಶಕ್ತಿಯಲ್ಲಿ ಕಣ್ಣಿಗೆ ಕಾಣುವ ಬೆಳಕು ಅರ್ಧಕ್ಕಿಂತ ಕಡಿಮೆ, ಹೆಚ್ಚಿನದು ಕಾಣದ ಇನ್‌ಫ್ರಾರೆಡ್. ಕಪ್ಪು ಗಾಜು ಬೆಳಕನ್ನು ತಡೆದು ತಾನೇ ಹೀರಿಕೊಳ್ಳುತ್ತದೆ, ಕಾದ ಕಾವಲಿಯ ಹಾಗೆ ಆಗಿ ಕೆಳಗೆ ಶಾಖ ಬೀರುತ್ತದೆ. ತಗಡಿನ ಚಾವಣಿಯೂ ಕಾಯುತ್ತದೆ, ಆದರೆ ಅದರ ಕೆಳಗೆ ಬಟ್ಟೆ, ಫೋಮ್ ಪದರ ಇರುತ್ತೆ. ಹೀಗಾಗಿಯೇ ಗಾಜಿನ ಚಾವಣಿ ಕಾರಿನಲ್ಲಿ ಪರದೆಯ ಮೇಲೆ 22 ಡಿಗ್ರಿ ಅಂತ ತೋರಿಸುತ್ತಿದ್ದರೂ ನೆತ್ತಿ ಮಾತ್ರ ಸುಡುವುದು. ಕೂದಲು ಕಡಿಮೆ ಇದ್ದವರಿಗೆ ಬೇಗ ಗೊತ್ತಾಗುತ್ತೆ. ಚರ್ಮ ಕಪ್ಪಾಗುತ್ತೆ ಎಂಬ ಹೆದರಿಕೆ ಬೇಡ. ಎರಡು ಪದರದ ಲ್ಯಾಮಿನೇಟೆಡ್ ಗಾಜು ನೇರಳಾತೀತ ಕಿರಣವನ್ನು ಬಹುತೇಕ ಪೂರ್ತಿ ತಡೆಯುತ್ತದೆ.

ನಿಲ್ಲಿಸಿದ ಕಾರು

ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯವರು ಸಾಮಾನ್ಯ ಕಾರುಗಳನ್ನು ಬೇಸಿಗೆಯಲ್ಲಿ ನಿಲ್ಲಿಸಿ ಅಳೆದು, 2018ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರಿನ ಒಳಗಾಳಿ ಸರಾಸರಿ 47 ಡಿಗ್ರಿ, ಸ್ಟೀರಿಂಗ್ 53, ಡ್ಯಾಶ್‌ಬೋರ್ಡ್ 69 ಡಿಗ್ರಿ ಸೆಲ್ಸಿಯಸ್. ನೆರಳಲ್ಲಿದ್ದ ಕಾರಿನ ಒಳಗಾಳಿ ಸುಮಾರು 38. ಎರಡು ವರ್ಷದ ಮಗು ಒಳಗಿದ್ದರೆ ಬಿಸಿಲಲ್ಲಿ ಒಂದು ಗಂಟೆಗೆ, ನೆರಳಲ್ಲಿ ಎರಡು ಗಂಟೆಯೊಳಗೆ ಅದರ ಮೈ ತಾಪ 40 ಡಿಗ್ರಿ ಮುಟ್ಟಬಹುದು ಎಂದೂ ಲೆಕ್ಕ ಹಾಕಿದ್ದರು. ಚಾವಣಿ ಯಾವುದೇ ಇರಲಿ, ಮಗುವನ್ನು ಕಾರಲ್ಲಿ ಬಿಟ್ಟು ‘ಐದೇ ನಿಮಿಷ’ ಅಂತ ಅಂಗಡಿಗೆ ಹೋಗಬಾರದು. ಇದಕ್ಕೆ ಊರು, ಗಲ್ಫ್ ಎಂಬ ಭೇದ ಇಲ್ಲ.

ಟೆಸ್ಲಾದಲ್ಲಿ ನಿಲ್ಲಿಸಿದಾಗಲೂ ಒಳಗಿನ ತಾಪ 40 ಡಿಗ್ರಿ ಆಸುಪಾಸು ದಾಟದಂತೆ ನೋಡಿಕೊಳ್ಳುವ ವ್ಯವಸ್ಥೆ ಇದೆ. ಆದರೆ ಅದು ಓಡುವುದು ಇಳಿದ ಮೇಲೆ 12 ಗಂಟೆ ಮಾತ್ರ, ಬ್ಯಾಟರಿ ಶೇ 20ಕ್ಕಿಂತ ಕೆಳಗಿಳಿದರೆ ಅದಕ್ಕೂ ಮೊದಲೇ ನಿಲ್ಲುತ್ತದೆ. ಊರಿಗೆ ರಜೆಯಲ್ಲಿ ಬರುವವರು ತಿಂಗಳುಗಟ್ಟಲೆ ಕಾರು ಬಿಟ್ಟು ಬರುವಾಗ ಇದನ್ನು ನಂಬುವಂತಿಲ್ಲ. ಬೇಸ್‌ಮೆಂಟ್ ಪಾರ್ಕಿಂಗ್ ಸಿಕ್ಕರೆ ದುಡ್ಡು ಹೆಚ್ಚಾದರೂ ಅದೇ ಒಳ್ಳೆಯದು.

ಪರದೆಯೋ, ಫಿಲ್ಮೋ?

ಬಿಸಿಲನ್ನು ಗಾಜಿನ ಹೊರಗೇ ತಡೆದರೆ ಲಾಭ ಹೆಚ್ಚು. ಅದಕ್ಕೇ ನಿಲ್ಲಿಸಿದ ಕಾರಿಗೆ ಹೊರಗಿನ ಹೊದಿಕೆ ಅಥವಾ ಶೆಡ್ಡಿನ ನೆರಳು ಎಲ್ಲಕ್ಕಿಂತ ಮೇಲು. ಓಡಿಸುವಾಗ ಅದು ಆಗದ ಮಾತು, ಆಗ ಒಳಗಿನ ಪರದೆ. ಮಡಚಿಡುವಂಥ ಜಾಲರಿ ಪರದೆ ಅಗ್ಗ, ಆದರೆ ತೂತುಗಳಿಂದ ಬಿಸಿಲು ಇಳಿಯುತ್ತದೆ. ಬೆಳ್ಳಿ ಬಣ್ಣದ ಪದರ ಇರುವುದನ್ನು ಹೊಳೆಯುವ ಮುಖ ಮೇಲೆ ಮಾಡಿ ಹಾಕಬೇಕು. ಗಾಜು ಆಗಲೂ ಕಾಯುತ್ತದೆ, ಆದರೆ ಆ ಕಾವು ನೇರ ತಲೆಗೆ ಹೊಡೆಯುವುದಿಲ್ಲ.

ಸೆರಾಮಿಕ್ ಫಿಲ್ಮ್ ದುಬಾರಿ. ಇಲ್ಲಿ ಗಿರಾಕಿಗಳು ಮೋಸ ಹೋಗುವುದು ಅಂಕಿಗಳಲ್ಲಿ. ‘ವಿಎಲ್‌ಟಿ’ ಅಂದರೆ ಎಷ್ಟು ಬೆಳಕು ಒಳಬರುತ್ತದೆ ಅಂತ, ಶಾಖದ ಲೆಕ್ಕ ಅಲ್ಲ. ‘ಐಆರ್ 99%’ ಅಂತ ಬರೆದದ್ದನ್ನೂ ಪೂರ್ತಿ ನಂಬಬಾರದು. ಇನ್‌ಫ್ರಾರೆಡ್‌ನ ಒಂದು ಸಣ್ಣ ಪಟ್ಟಿಯಲ್ಲಿ ಮಾತ್ರ ಅಳೆದು ಆ ಅಂಕಿ ಹಾಕಬಹುದು. ಅಂಗಡಿಯವರು ಬಲ್ಬ್ ಹಚ್ಚಿ ಕೈ ಇಡಿ ಅನ್ನುವ ಡೆಮೊ ಕೂಡ ಅಷ್ಟೇ. ಕೇಳಬೇಕಾದ್ದು ‘ಟಿಎಸ್‌ಇಆರ್’, ಅಂದರೆ ಒಟ್ಟು ಬಿಸಿಲಲ್ಲಿ ಎಷ್ಟು ಪಾಲು ತಡೆಯುತ್ತದೆ ಎಂಬುದು. ಇನ್ನೊಂದು ಮಾತು: ಹೆಚ್ಚು ಶಾಖ ಹೀರುವ ಫಿಲ್ಮ್ ಅಂಟಿಸಿದರೆ ಗಾಜು ಎಲ್ಲ ಕಡೆ ಒಂದೇ ಸಮ ಕಾಯದೆ ಬಿರುಕು ಬಿಡುವ ಅಪಾಯವಿದೆ. ವಾರಂಟಿ ಏನಾಗುತ್ತೆ ಅಂತ ಕಂಪನಿಯಿಂದ ಬರಹದಲ್ಲೇ ಕೇಳಿಕೊಳ್ಳಬೇಕು.

ಯುಎಇಯಲ್ಲಿ ಪಕ್ಕದ ಗಾಜುಗಳಿಗೆ ಶೇ 50ರವರೆಗೆ ಟಿಂಟ್‌ಗೆ ಅವಕಾಶ ಇದೆ, ಮುಂದಿನ ಗಾಜಿಗೆ ಇಲ್ಲ. ಊರಿನ ಕಥೆ ಬೇರೆ. 2012ರಲ್ಲಿ ಸುಪ್ರೀಂ ಕೋರ್ಟ್ ಕಾರಿನ ಗಾಜಿಗೆ ಫಿಲ್ಮ್ ಅಂಟಿಸುವುದನ್ನೇ ನಿಷೇಧಿಸಿತ್ತು. ಆಮೇಲೆ ನಿಯಮ ತಿದ್ದುಪಡಿಯಾಗಿ, ನಿಗದಿತ ಪಾರದರ್ಶಕತೆ ಇರುವ ಫಿಲ್ಮ್‌ಗೆ ಅಡ್ಡಿಯಿಲ್ಲ ಎಂದು ಕೇರಳ ಹೈಕೋರ್ಟ್ 2024ರಲ್ಲಿ ಹೇಳಿತು. ಇಲ್ಲಿನ ಆಕ್ಸೆಸರೀಸ್ ಅಂಗಡಿಯವರು ಗಲ್ಫ್ ಗಿರಾಕಿ ಕೇಳಿದ ಅಂತ ಹಚ್ಚುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಕಾದ ಕಾರು ಹತ್ತಿದ ಕೂಡಲೇ ಕಿಟಕಿ ಇಳಿಸಿ ಒಂದೆರಡು ನಿಮಿಷ ಓಡಿಸಿ, ಒಳಗಿನ ಬಿಸಿಗಾಳಿ ಹೋದ ಮೇಲೆ ಎ.ಸಿ.ಯನ್ನು ಒಳಗಾಳಿ ಸುತ್ತುವ ಬಟನ್‌ಗೆ ಹಾಕಬೇಕು. ಕಾದ ಗಾಜಿಗೆ ತಣ್ಣೀರು ಸುರಿಯಬಾರದು. ತೆರೆಯುವ ಸನ್‌ರೂಫ್ ಆದರೆ ಮರಳಿನ ಕಾಟವೂ ಇದೆ. ಮೂಲೆಗಳಲ್ಲಿ ನೀರು ಇಳಿದುಹೋಗುವ ಸಣ್ಣ ಕೊಳವೆಗಳು ದೂಳಿನಿಂದ ಕಟ್ಟಿಕೊಳ್ಳುತ್ತವೆ. ವರ್ಷಪೂರ್ತಿ ಅದು ಯಾರಿಗೂ ಗೊತ್ತಾಗುವುದಿಲ್ಲ. 2024ರ ಏಪ್ರಿಲ್‌ನಲ್ಲಿ ದುಬೈಗೆ ಸುರಿದಂಥ ಮಳೆ ಬಂದ ದಿನ ನೀರು ಸೀಟಿನ ಮೇಲಿರುತ್ತದೆ.